ಪರದೆ ಆರಿಸಿದ ಮೇಲೂ ಕೆಲಸಕ್ಕೆ ಬರುವುದು ಯಾವುದು? ಮೂರು ಕಾರ್ಯಾಚರಣ ವ್ಯವಸ್ಥೆಗಳ ವಿಮರ್ಶೆ

ವಿಂಡೋಸ್ ಉತ್ತಮವೇ, ಮ್ಯಾಕ್ ಉತ್ತಮವೇ, ಲಿನಕ್ಸ್ ಉತ್ತಮವೇ ಎಂಬ ಚರ್ಚೆ ಗಣಕ ಬಳಸುವವರ ನಡುವೆ ಹಳೆಯದು. ಈ ಬಗ್ಗೆ ಬರುವ ಲೇಖನಗಳಿಗೂ ಕೊರತೆಯಿಲ್ಲ. ಅವು ಬಹುಮಟ್ಟಿಗೆ ಒಂದೇ ಅಚ್ಚಿನವು. ಬೆಲೆ ಎಷ್ಟು, ಎಷ್ಟು ಬೇಗ ಚಾಲೂ ಆಗುತ್ತದೆ, ವೈರಸ್ ಕಾಟ ಉಂಟೇ, ಆಟಗಳು ಓಡುತ್ತವೆಯೇ, ನೋಡಲು ಚೆನ್ನಾಗಿದೆಯೇ ಎಂದು ಒಂದು ಕೋಷ್ಟಕ, ಕೊನೆಯಲ್ಲಿ ಅಂಕಗಳು. ಈ ಕೋಷ್ಟಕಗಳಲ್ಲಿ ಸಾಮಾನ್ಯವಾಗಿ ಕಾಣದ ಸಾಲು ಒಂದಿದೆ: ಪರದೆಯನ್ನು ನೋಡಲಾಗದವರು ಈ ವ್ಯವಸ್ಥೆಯನ್ನು ಇನ್ನೊಬ್ಬರ ನೆರವಿಲ್ಲದೆ ಬಳಸಬಲ್ಲರೇ? ಕೆಲವರು ಕೊನೆಯ ಪ್ಯಾರಾದಲ್ಲಿ ಅಂಧರಿಗೂ ಸೌಲಭ್ಯಗಳಿವೆ ಎಂದು ಒಂದು ವಾಕ್ಯ ಬರೆದು ಕೈತೊಳೆದುಕೊಳ್ಳುತ್ತಾರೆ. ಸೌಲಭ್ಯ ಇದೆ ಎನ್ನುವುದಕ್ಕೂ ಅದರಿಂದ ದಿನದ ಕೆಲಸ ಸಾಗುತ್ತದೆ ಎನ್ನುವುದಕ್ಕೂ ಬಹಳ ಅಂತರವಿದೆ.

ಈ ಪ್ರಶ್ನೆಗೆ ಈಗ ತುರ್ತು ಬಂದಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಸಂಸ್ಥೆ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಕೂಡ ಬೇಕು. ಗಟ್ಟಿಮುಟ್ಟಾಗಿದ್ದರೂ ಈ ಅರ್ಹತೆಯಿಲ್ಲದ ಗಣಕಗಳು ಶಾಲೆ, ಗ್ರಂಥಾಲಯ, ಕಚೇರಿ, ಮನೆಗಳಲ್ಲಿ ಇವೆ. ಅವುಗಳ ಒಡೆಯರಿಗೆ ಸಿಗುವ ಸಲಹೆ ಎಂದರೆ "ಲಿನಕ್ಸ್ ಹಾಕಿಬಿಡಿ". ಎಷ್ಟೋ ಮಂದಿಗೆ ಇದು ಒಳ್ಳೆಯ ಸಲಹೆಯೇ. ಆದರೆ ಆ ಗಣಕವನ್ನು ಬಳಸುವವರು ಕಿವಿಯಿಂದ ಓದುವವರಾಗಿದ್ದರೆ, ಒಂದು ಮಧ್ಯಾಹ್ನದ ಈ ಬದಲಾವಣೆ ಅವರ ಉದ್ಯೋಗಕ್ಕೇ ಕುತ್ತು ತರಬಹುದು. ಹಾಗಾಗಿ ಮೂರೂ ವ್ಯವಸ್ಥೆಗಳನ್ನು ಪರದೆ ಆರಿಸಿ ಪರೀಕ್ಷಿಸುವುದು ಅಗತ್ಯ.

ಸ್ಕ್ರೀನ್ ರೀಡರ್ ಓದುವುದು ಏನನ್ನು?

ಪರದೆಯ ಮೇಲಿರುವುದನ್ನು ಕೃತಕ ಧ್ವನಿಯಲ್ಲಿ ಓದಿ ಹೇಳುವ ಅಥವಾ ಬ್ರೈಲ್ ಫಲಕಕ್ಕೆ ಕಳಿಸುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಬಳಕೆದಾರರು ಮೌಸ್ ಮುಟ್ಟುವುದಿಲ್ಲ, ಎಲ್ಲವೂ ಕೀಲಿಮಣೆಯಿಂದಲೇ.

ಡಾಸ್ ಕಾಲದಲ್ಲಿ ಇದು ಹೆಚ್ಚು ಕಷ್ಟದ ಕೆಲಸವಾಗಿರಲಿಲ್ಲ. ಪರದೆಯಲ್ಲಿ 25 ಸಾಲು, ಸಾಲಿಗೆ 80 ಅಕ್ಷರ. ಒಟ್ಟು 2000 ಅಕ್ಷರಗಳು ಸ್ಮೃತಿಯ ಒಂದು ಗೊತ್ತಾದ ಜಾಗದಲ್ಲಿ ಅಕ್ಷರಗಳಾಗಿಯೇ ಕುಳಿತಿರುತ್ತಿದ್ದವು. ಅವನ್ನು ಎತ್ತಿ ಧ್ವನಿಗೆ ಕೊಟ್ಟರಾಯಿತು. ಚಿತ್ರಾತ್ಮಕ ಪರದೆ ಬಂದಾಗ ಅಕ್ಷರಗಳು ಮಾಯವಾಗಿ ಚುಕ್ಕಿಗಳಷ್ಟೇ ಉಳಿದವು. ‘ಉಳಿಸು’ ಎಂಬ ಗುಂಡಿ ಗಣಕದ ಪಾಲಿಗೆ ಬಣ್ಣದ ಚುಕ್ಕಿಗಳ ಒಂದು ಚೌಕ. ಆಗಿನ ವಿಂಡೋಸ್ ಸ್ಕ್ರೀನ್ ರೀಡರ್‌ಗಳು ಕಾರ್ಯಾಚರಣ ವ್ಯವಸ್ಥೆಯು ಪರದೆಗೆ ಕಳಿಸುವ ಚಿತ್ರಣದ ಆದೇಶಗಳನ್ನು ನಡುವೆ ನಿಂತು ಕದ್ದು ಕೇಳಿ, ಎಲ್ಲಿ ಏನು ಬರೆಯಲಾಗಿದೆ ಎಂಬ ನಕಲು ಪ್ರತಿಯನ್ನು ಇಟ್ಟುಕೊಳ್ಳುತ್ತಿದ್ದವು. ಈ ಏರ್ಪಾಡು ನಾಜೂಕಿನದು. ವ್ಯವಸ್ಥೆಯ ಒಳಗುಟ್ಟು ಸ್ವಲ್ಪ ಬದಲಾದರೂ ಕೆಡುತ್ತಿತ್ತು.

ಇದಕ್ಕೆ ಸರಿಯಾದ ಪರಿಹಾರವೆಂದರೆ ಪ್ರತಿಯೊಂದು ತಂತ್ರಾಂಶವೂ ತನ್ನ ಗುಂಡಿ, ಪಟ್ಟಿ, ಪೆಟ್ಟಿಗೆಗಳ ಹೆಸರು, ಬಗೆ, ಸ್ಥಿತಿಗಳನ್ನು ತಾನೇ ಹೇಳುವುದು. "ಉಳಿಸು, ಗುಂಡಿ, ಒತ್ತಬಹುದು" ಎಂಬ ಮೂರು ಮಾತು ಸಿಕ್ಕರೆ ಸಾಕು. ಇದಕ್ಕಾಗಿ ವಿಂಡೋಸ್‌ನಲ್ಲಿ 1997ರಲ್ಲಿ ಆಕ್ಟಿವ್ ಆಕ್ಸೆಸಿಬಿಲಿಟಿ, ನಂತರ ವಿಸ್ಟಾ ಕಾಲಕ್ಕೆ ಯುಐ ಆಟೋಮೇಷನ್ ಎಂಬ ಏರ್ಪಾಡುಗಳು ಬಂದವು. ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ ಇದೆ. ಮ್ಯಾಕ್‌ನಲ್ಲಿ ಆಪಲ್ ಸಂಸ್ಥೆಯದೇ ಏರ್ಪಾಡಿದೆ. ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ತಂತ್ರಾಂಶ ಬರೆದವರು ಹೇಳದೆ ಬಿಟ್ಟದ್ದನ್ನು ಸ್ಕ್ರೀನ್ ರೀಡರ್ ತಾನಾಗಿ ಹೇಳಲಾರದು. ಗುಂಡಿಗಳಿಗೆ ಹೆಸರು ಕೊಡದಿದ್ದರೆ "ಗುಂಡಿ, ಗುಂಡಿ, ಗುಂಡಿ" ಎಂಬುದಷ್ಟೇ ಕಿವಿಗೆ ಬೀಳುತ್ತದೆ. ಯಾವುದು ಹಣ ಕಳಿಸುವ ಗುಂಡಿ, ಯಾವುದು ರದ್ದು ಮಾಡುವ ಗುಂಡಿ ಎಂದು ಊಹಿಸುವುದು ಕೇಳುಗರ ಪಾಲಿಗೆ.

ಮೊದಲ ಪರೀಕ್ಷೆ: ಆರಂಭದ ನಿಮಿಷಗಳು

ಹೊಸ ಗಣಕ ಬಂದಾಗ, ಅಥವಾ ಕೆಟ್ಟ ಗಣಕಕ್ಕೆ ವ್ಯವಸ್ಥೆಯನ್ನು ಮರಳಿ ಹಾಕುವಾಗ, ಕಣ್ಣಿರುವವರೊಬ್ಬರು ಪಕ್ಕದಲ್ಲಿ ಇರಲೇಬೇಕೇ?

ಈ ಪರೀಕ್ಷೆಯಲ್ಲಿ ಮ್ಯಾಕ್ ಮುಂದಿದೆ. ವಾಯ್ಸ್‌ಓವರ್ ಎಂಬ ಅದರ ಸ್ಕ್ರೀನ್ ರೀಡರ್ ವ್ಯವಸ್ಥೆಯ ಒಳಗೇ ಇದೆ. ಕಮಾಂಡ್ ಮತ್ತು ಎಫ್5 ಕೀಲಿಗಳನ್ನು ಒತ್ತಿದರೆ ಮಾತು ಶುರು. ಮೊದಲ ಬಾರಿ ಗಣಕ ಚಾಲೂ ಮಾಡಿದಾಗಲೂ, ವ್ಯವಸ್ಥೆಯನ್ನು ಮರುಸ್ಥಾಪಿಸುವಾಗಲೂ ಅದು ಸಿಗುತ್ತದೆ. ಯಂತ್ರಾಂಶ ಮತ್ತು ತಂತ್ರಾಂಶ ಎರಡನ್ನೂ ಒಂದೇ ಸಂಸ್ಥೆ ಮಾಡುವುದರಿಂದ ಧ್ವನಿಯ ಚಾಲಕ ಸಿಗಲಿಲ್ಲ ಎಂಬ ತೊಡಕು ಇಲ್ಲಿಲ್ಲ.

ವಿಂಡೋಸ್ ಎಕ್ಸ್‌ಪಿಯನ್ನು ಹಾಕುವ ಮೊದಲ ಹಂತ ನೀಲಿ ಪರದೆಯ ಮೇಲೆ ಪೂರ್ತಿ ಮೌನವಾಗಿ ನಡೆಯುತ್ತಿತ್ತು. ಆ ಸ್ಥಿತಿ ಈಗಿಲ್ಲ. ವಿಂಡೋಸ್ 10ರ ನಂತರದ ಆವೃತ್ತಿಗಳಿಂದ ಕಂಟ್ರೋಲ್, ವಿಂಡೋಸ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿ ನ್ಯಾರೇಟರ್ ಅನ್ನು ಸ್ಥಾಪನೆಯ ಹಂತದಲ್ಲೇ ಎಬ್ಬಿಸಬಹುದು. ಆದರೆ ಆ ಗಣಕದ ಧ್ವನಿ ಯಂತ್ರಾಂಶಕ್ಕೆ ಚಾಲಕ ಸಿಗದಿದ್ದರೆ ಮತ್ತೆ ಮೌನವೇ.

ಲಿನಕ್ಸ್ ವಿಷಯದಲ್ಲಿ ಒಂದೇ ಉತ್ತರ ಕೊಡಲಾಗದು, ಏಕೆಂದರೆ ಅದರ ವಿತರಣೆಗಳು ಹಲವು. ಡೆಬಿಯನ್ ಸ್ಥಾಪಕದಲ್ಲಿ ಆರಂಭದ ಬೀಪ್ ಸದ್ದು ಕೇಳಿದೊಡನೆ ಇಂಗ್ಲಿಷಿನ ‘ಎಸ್’ ಕೀಲಿ ಮತ್ತು ಎಂಟರ್ ಒತ್ತಿದರೆ ಇಡೀ ಸ್ಥಾಪನೆ ಮಾತಿನಲ್ಲಿ ನಡೆಯುತ್ತದೆ. ಗ್ನೋಮ್ ಪರದೆಯಿರುವ ವಿತರಣೆಗಳಲ್ಲಿ ವಿಂಡೋಸ್ ಕೀಲಿ, ಆಲ್ಟ್ ಮತ್ತು ಎಸ್ ಒತ್ತಿದರೆ ಓರ್ಕಾ ಎಂಬ ಸ್ಕ್ರೀನ್ ರೀಡರ್ ಏಳುತ್ತದೆ. ಇಷ್ಟು ಕಾಳಜಿ ಎಲ್ಲ ವಿತರಣೆಗಳಲ್ಲೂ ಇಲ್ಲ. ಆದ್ದರಿಂದ "ಲಿನಕ್ಸ್ ಹಾಕಿ" ಎನ್ನುವವರು ಯಾವ ಲಿನಕ್ಸ್ ಎಂದೂ ಹೇಳಬೇಕು. ಇನ್ನು, ವಿಂಡೋಸ್ ಅಥವಾ ಲಿನಕ್ಸ್ ಓಡುವ ಸಾಮಾನ್ಯ ಗಣಕಗಳಲ್ಲಿ ವ್ಯವಸ್ಥೆ ಏಳುವ ಮೊದಲಿನ ಬಯಾಸ್ ಪರದೆಗಳಿಗೆ ಮಾತಿಲ್ಲ. ಪೆನ್ ಡ್ರೈವ್‌ನಿಂದ ಚಾಲೂ ಮಾಡುವ ಆಯ್ಕೆಯನ್ನು ಅಲ್ಲಿ ಬದಲಿಸಬೇಕಾದರೆ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ.

ಎರಡನೆಯ ಪರೀಕ್ಷೆ: ನಿತ್ಯದ ಕೆಲಸ

ಪತ್ರ ಬರೆಯುವುದು, ಲೆಕ್ಕದ ಹಾಳೆ ತುಂಬುವುದು, ಅಂತರಜಾಲ ನೋಡುವುದು, ಕಚೇರಿಯ ವಿಶೇಷ ತಂತ್ರಾಂಶ ನಡೆಸುವುದು: ಇವುಗಳಲ್ಲಿ ವಿಂಡೋಸ್ ಮುಂದಿದೆ. ಆದರೆ ಈ ಹಿರಿಮೆ ಮೈಕ್ರೋಸಾಫ್ಟ್‌ನ ಸ್ವಂತ ಗಳಿಕೆಯಲ್ಲ. 2000ನೇ ಇಸವಿಯ ವಿಂಡೋಸ್ ಜೊತೆ ಬಂದ ನ್ಯಾರೇಟರ್ ಎಷ್ಟು ಬಡಕಲಾಗಿತ್ತೆಂದರೆ, ಇದು ಕನಿಷ್ಠ ನೆರವು ಮಾತ್ರ, ದಿನಬಳಕೆಗೆ ಹೆಚ್ಚು ಸಮರ್ಥವಾದ ತಂತ್ರಾಂಶ ಬೇಕಾಗುತ್ತದೆ ಎಂದು ತೆರೆದ ಕೂಡಲೇ ಅದೇ ಹೇಳುತ್ತಿತ್ತು. ಆ ಸಮರ್ಥ ತಂತ್ರಾಂಶವನ್ನು ಮಾಡಿದವರು ಹೊರಗಿನವರು. ಸ್ವತಃ ಅಂಧರಾದ ಟೆಡ್ ಹೆಂಟರ್ ಅವರ ಸಂಸ್ಥೆ ಡಾಸ್‌ಗಾಗಿ ಮಾಡಿದ್ದ ಜಾಸ್ 1995ರಲ್ಲಿ ವಿಂಡೋಸ್‌ಗೂ ಬಂತು. ಅದು ಉದ್ಯೋಗದ ಬಾಗಿಲು ತೆರೆಯಿತು, ನಿಜ. ಆದರೆ 2000ದ ದಶಕದಲ್ಲಿ ಅಮೆರಿಕದಲ್ಲಿ ಅದರ ಸಾಮಾನ್ಯ ಆವೃತ್ತಿಯ ಬೆಲೆಯೇ 895 ಡಾಲರ್. ಭಾರತದ ಬಳಕೆದಾರರಿಗೆ ಗಣಕಕ್ಕಿಂತ ಅದರ ಮಾತೇ ದುಬಾರಿ. ಪರವಾನಗಿ ಇಲ್ಲದಿದ್ದರೆ 40 ನಿಮಿಷ ಓಡಿ ನಿಲ್ಲುತ್ತದೆ. ಮತ್ತೆ ಬೇಕೆಂದರೆ ಗಣಕವನ್ನೇ ಮರುಚಾಲನೆ ಮಾಡಬೇಕು.

ಈ ಗೋಡೆಯನ್ನು ಒಡೆದವರು ಆಸ್ಟ್ರೇಲಿಯದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ. ಇಬ್ಬರೂ ಅಂಧರು. 2006ರಲ್ಲಿ ಕರನ್ ಆರಂಭಿಸಿದ ಎನ್‌ವಿಡಿಎ ಉಚಿತ. ಅದರ ಆಕರವೂ ಮುಕ್ತ. ಇಂದು ಅದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿದೆ. 2023ರ ಡಿಸೆಂಬರ್ ಮತ್ತು 2024ರ ಜನವರಿಯಲ್ಲಿ ವೆಬ್‌ಏಮ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಮುಖ್ಯ ಸ್ಕ್ರೀನ್ ರೀಡರ್ ಯಾವುದು ಎಂಬ ಪ್ರಶ್ನೆಗೆ ಶೇ. 40.5 ಮಂದಿ ಜಾಸ್ ಎಂದರು, ಶೇ. 37.7 ಮಂದಿ ಎನ್‌ವಿಡಿಎ ಎಂದರು, ಶೇ. 9.7 ಮಂದಿ ವಾಯ್ಸ್‌ಓವರ್ ಎಂದರು. ವಿಂಡೋಸ್ ಬಳಸುವವರಿಗೆ ನಿಜವಾದ ಅನುಕೂಲ ಇಲ್ಲಿದೆ: ಒಂದು ತಂತ್ರಾಂಶ ಓದದ ಪುಟವನ್ನು ಇನ್ನೊಂದು ಓದಬಹುದು. ನ್ಯಾರೇಟರ್ ಕೂಡ ವಿಂಡೋಸ್ 10ರ ಕಾಲದಿಂದ ಬಹಳ ಸುಧಾರಿಸಿದೆ. ಆದರೂ ಅತಿ ದೊಡ್ಡ ಸಂಸ್ಥೆಯೊಂದು ಮಾಡಬೇಕಾಗಿದ್ದ ಕೆಲಸವನ್ನು ವರ್ಷಗಟ್ಟಲೆ ಬಳಕೆದಾರರೇ ಮಾಡಿಕೊಳ್ಳಬೇಕಾಯಿತು ಎಂಬುದನ್ನು ಹೋಲಿಕೆಯ ಕೋಷ್ಟಕಗಳು ದಾಖಲಿಸಬೇಕು.

ಮ್ಯಾಕ್‌ನಲ್ಲಿ ಇದಕ್ಕೆ ತದ್ವಿರುದ್ಧ. ಸ್ಕ್ರೀನ್ ರೀಡರ್‌ಗೆ ಬೇರೆ ಹಣ ಕೊಡಬೇಕಿಲ್ಲ; ಬ್ರೈಲ್ ಫಲಕದ ಬೆಂಬಲವೂ 2007ರ ಆವೃತ್ತಿಯಿಂದ ಒಳಗೇ ಇದೆ. ಆದರೆ ವಾಯ್ಸ್‌ಓವರ್ ಒಂದು ಕಡೆ ಎಡವಿದರೆ ಬೇರೆ ದಾರಿಯಿಲ್ಲ. ಆಪಲ್ ಮುಂದಿನ ಆವೃತ್ತಿಯಲ್ಲಿ ಸರಿಪಡಿಸುವವರೆಗೆ ಕಾಯಬೇಕು. ಪರದೆಯ ಪ್ರತಿಯೊಂದು ಭಾಗದ ‘ಒಳಗೆ ಹೋಗಿ, ಹೊರಗೆ ಬರುವ’ ಅದರ ಕ್ರಮ ವಿಂಡೋಸ್‌ನಿಂದ ಬಂದವರಿಗೆ ಬಳಸುದಾರಿ ಎನಿಸುತ್ತದೆ. ಜೊತೆಗೆ ಮ್ಯಾಕ್ ಗಣಕದ ಬೆಲೆ ನಮ್ಮ ಬಹುಪಾಲು ವಿದ್ಯಾರ್ಥಿಗಳ ಕೈಗೆಟುಕುವಂಥದ್ದಲ್ಲ.

ಲಿನಕ್ಸ್‌ಗೆ ಮಾತಿನ ಪರಂಪರೆ ಹಳೆಯದೇ. ಪುಣೆಯಲ್ಲಿ ಹುಟ್ಟಿದ, ಸ್ವತಃ ಅಂಧರಾದ ಟಿ. ವಿ. ರಾಮನ್ ಅವರ ಈಮ್ಯಾಕ್‌ಸ್ಪೀಕ್ 1995ರಿಂದ ಇದೆ. ಆದೇಶಗಳನ್ನು ಅಕ್ಷರಗಳಲ್ಲೇ ಕೊಡುವ ಕೆಲಸಗಾರರಿಗೆ, ತಂತ್ರಾಂಶ ಬರೆಯುವವರಿಗೆ, ಲಿನಕ್ಸ್ ಇಂದಿಗೂ ಅತ್ಯಂತ ಹಿತವಾದ ವ್ಯವಸ್ಥೆ ಎನ್ನಬಹುದು. ಚಿತ್ರಾತ್ಮಕ ಪರದೆಯಲ್ಲಿ ಓರ್ಕಾ 2006ರಿಂದ ಗ್ನೋಮ್‌ನ ಭಾಗವಾಗಿದೆ. ಫೈರ್‌ಫಾಕ್ಸ್ ಮತ್ತು ಲಿಬ್ರೆ ಆಫೀಸ್ ಅದರೊಂದಿಗೆ ಹೊಂದಿಕೊಂಡು ನಡೆಯುತ್ತವೆ. ಇವೆರಡರಲ್ಲೇ ಕೆಲಸ ಮುಗಿಯುವವರಿಗೆ ಲಿನಕ್ಸ್ ಸಾಕಾದೀತು. ಕಚೇರಿಯ ಲೆಕ್ಕಪತ್ರಕ್ಕೋ ದಾಖಲೆಗೋ ವಿಂಡೋಸ್‌ಗೆಂದೇ ಬರೆದ ತಂತ್ರಾಂಶ ಬೇಕಾದವರಿಗೆ ಸಾಲದು.

ಮೂರನೆಯ ಪರೀಕ್ಷೆ: ವ್ಯವಸ್ಥೆ ಬದಲಾದಾಗ

ಕೋಷ್ಟಕಗಳು ಇಂದು ಏನಿದೆ ಎಂದು ಮಾತ್ರ ನೋಡುತ್ತವೆ. ಕಿವಿಯಿಂದ ಓದುವವರಿಗೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ: ವ್ಯವಸ್ಥೆ ಹೊಸ ರೂಪ ತಾಳಿದಾಗ ತಮ್ಮನ್ನು ಜೊತೆಗೆ ಕರೆದೊಯ್ದಿತೇ, ಇಲ್ಲವೇ ಹೊರಗೆ ನಿಲ್ಲಿಸಿತೇ? ಇತಿಹಾಸ ಹೇಳುವ ಪ್ರಕಾರ ಮೂವರೂ ಹೊರಗೆ ನಿಲ್ಲಿಸಿದ್ದಾರೆ.

ಜನ ಡಾಸ್ ಬಿಟ್ಟು ವಿಂಡೋಸ್‌ಗೆ ಹೋಗತೊಡಗಿದ್ದು 1990ರಲ್ಲಿ ಬಂದ 3.0 ಆವೃತ್ತಿಯಿಂದ. ಡಾಸ್‌ನಲ್ಲಿ ಸರಾಗವಾಗಿ ದುಡಿಯುತ್ತಿದ್ದ ಅಂಧರಿಗೆ ಜಾಸ್‌ನ ವಿಂಡೋಸ್ ಆವೃತ್ತಿ ಸಿಕ್ಕಿದ್ದು 1995ರಲ್ಲಿ. ಹಳೆಯ ಮ್ಯಾಕಿಂಟಾಷ್‌ಗೆ 1989ರಿಂದಲೂ ಔಟ್‌ಸ್ಪೋಕನ್ ಎಂಬ ಸ್ಕ್ರೀನ್ ರೀಡರ್ ಇತ್ತು. ಆಪಲ್ 2001ರಲ್ಲಿ ಮ್ಯಾಕ್ ಓಎಸ್ ಟೆನ್ ಎಂಬ ಹೊಸ ವ್ಯವಸ್ಥೆಗೆ ಹೋದಾಗ ಅದು ಜೊತೆಗೆ ಬರಲಿಲ್ಲ. ವಾಯ್ಸ್‌ಓವರ್ ಬಂದದ್ದು 2005ರ ಏಪ್ರಿಲ್‌ನಲ್ಲಿ. ಇಂದು ಅಂಧರ ವಿಷಯದಲ್ಲಿ ಮಾದರಿ ಎನಿಸಿಕೊಂಡಿರುವ ವ್ಯವಸ್ಥೆ ನಾಲ್ಕು ವರ್ಷ ಮೂಕವಾಗಿತ್ತು.

ಲಿನಕ್ಸ್ ಕತೆ ಎರಡು ಭಾಗದ್ದು. ಗ್ನೋಮ್‌ನ ಮಾತಿನ ಏರ್ಪಾಡಿಗೆ ಬೆನ್ನೆಲುಬಾಗಿದ್ದುದು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ತಂಡ. 2010ರಲ್ಲಿ ಒರಾಕಲ್ ಸಂಸ್ಥೆ ಸನ್ ಅನ್ನು ಕೊಂಡ ಮೇಲೆ ಆ ತಂಡ ಕರಗಿತು; ಓರ್ಕಾದ ಹೊರೆ ಬೆರಳೆಣಿಕೆಯ ಮಂದಿಯ ಮೇಲೆ ಬಿತ್ತು. ಆಮೇಲೆ ಪರದೆಯ ಆಧಾರವೇ ಬದಲಾಯಿತು. ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಯಾವ ತಂತ್ರಾಂಶ ಬೇಕಾದರೂ ಕೀಲಿಮಣೆಯ ಒತ್ತುಗಳನ್ನು ಗಮನಿಸಬಹುದಿತ್ತು. ಇದು ಗುಪ್ತಪದ ಕದಿಯುವವರಿಗೆ ಅನುಕೂಲವೆಂದು ಹೊಸ ವೇಲ್ಯಾಂಡ್ ವ್ಯವಸ್ಥೆ ಆ ಬಾಗಿಲು ಮುಚ್ಚಿತು. ಭದ್ರತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಸ್ಕ್ರೀನ್ ರೀಡರ್ ಎಂದರೆ ಎಲ್ಲ ತಂತ್ರಾಂಶಗಳ ಮೇಲೂ ನಿಂತು ಕೀಲಿಗಳನ್ನು ಗಮನಿಸಬೇಕಾದ ತಂತ್ರಾಂಶ. ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೂ ಹೊರಗಿಟ್ಟಿತು. ಫೆಡೋರಾ ವಿತರಣೆ ವೇಲ್ಯಾಂಡ್ ಅನ್ನು ಮೊದಲ ಆಯ್ಕೆಯಾಗಿಸಿದ್ದು 2016ರ ನವೆಂಬರ್‌ನಲ್ಲಿ. ಓರ್ಕಾದ ಕೀಲಿಗಳಿಗೆ ಗ್ನೋಮ್ ಸರಿಯಾದ ದಾರಿ ಮಾಡಿಕೊಟ್ಟದ್ದು 2025ರ ಮಾರ್ಚ್‌ನಲ್ಲಿ ಬಂದ 48ನೇ ಆವೃತ್ತಿಯಲ್ಲಿ. ನಡುವಿನ ಎಂಟು ವರ್ಷ ಅರೆಬರೆ ವ್ಯವಸ್ಥೆಯಲ್ಲೇ ಕಳೆಯಿತು. ಮುಕ್ತ ತಂತ್ರಾಂಶದಲ್ಲಿ ಯಾರು ಬೇಕಾದರೂ ದೋಷ ತಿದ್ದಬಹುದು ಎಂಬ ಮಾತು ನಿಜ. ಆದರೆ ಯಾರು ಬೇಕಾದರೂ ಎಂಬುದು ಯಾರೂ ಇಲ್ಲ ಎಂದಾಗುವ ಅಪಾಯವೂ ಅಷ್ಟೇ ನಿಜ.

ಕನ್ನಡದ ಪರೀಕ್ಷೆ

ಮೇಲಿನ ಮೂರೂ ಪರೀಕ್ಷೆಗಳಲ್ಲಿ ಗೆದ್ದರೂ ಕನ್ನಡ ಓದಲು ಬಾರದಿದ್ದರೆ ನಮ್ಮ ಗ್ರಾಮೀಣ ವಿದ್ಯಾರ್ಥಿಗೆ ಫಲವೇನು? ಕನ್ನಡ ಯೂನಿಕೋಡ್ ಅನ್ನು ಟುಂಗಾ ಎಂಬ ಅಕ್ಷರಶೈಲಿಯೊಂದಿಗೆ ತೋರಿಸುವ ಶಕ್ತಿ ವಿಂಡೋಸ್‌ಗೆ 2001ರ ಎಕ್ಸ್‌ಪಿಯಿಂದಲೇ ಬಂತು. ತೋರಿಸುವುದು ಬೇರೆ, ಮಾತನಾಡುವುದು ಬೇರೆ. ವಿಂಡೋಸ್ 10ರ ಧ್ವನಿಗಳ ಪಟ್ಟಿಯಲ್ಲಿ ಹಿಂದಿ, ತಮಿಳು ಇದ್ದವು, ಕನ್ನಡ ಇರಲಿಲ್ಲ. ಮ್ಯಾಕ್‌ಗೆ ಕನ್ನಡದ ಧ್ವನಿ ಬಂದಿದೆ, ಆದರೆ ತಡವಾಗಿ. ಈ ನಡುವೆ ನಮ್ಮ ಕೈ ಹಿಡಿದದ್ದು ಜೊನಾಥನ್ ಡಡಿಂಗ್‌ಟನ್ ಆರಂಭಿಸಿದ ಇಸ್ಪೀಕ್ ಎಂಬ ಮುಕ್ತ ಧ್ವನಿ ತಂತ್ರಾಂಶ. ಅದರ ಕನ್ನಡ ಯಂತ್ರದ ದನಿಯೇ, ಕೇಳಲು ಇಂಪಾಗಿಲ್ಲ. ಆದರೆ ಗಾತ್ರದಲ್ಲಿ ಚಿಕ್ಕದು, ಹಳೆಯ ಗಣಕದಲ್ಲೂ ತಟ್ಟನೆ ಉತ್ತರಿಸುತ್ತದೆ, ಬಹಳ ವೇಗ ಕೊಟ್ಟರೂ ಪದಗಳು ಕಲಸಿಹೋಗುವುದಿಲ್ಲ. ದಿನವಿಡೀ ಕೇಳಿ ಕೆಲಸ ಮಾಡುವವರಿಗೆ ಇಂಪಿಗಿಂತ ಇದು ಮುಖ್ಯ. ವಿಂಡೋಸ್‌ನ ಎನ್‌ವಿಡಿಎ ಮತ್ತು ಲಿನಕ್ಸ್‌ನ ಓರ್ಕಾ ಎರಡರ ಬಳಕೆದಾರರಿಗೂ ಅದು ಸಿಗುತ್ತದೆ.

ಆದರೆ ಯಾವ ವ್ಯವಸ್ಥೆಯೂ ಪರಿಹರಿಸಲಾರದ ಒಂದು ತೊಡಕನ್ನು ನಾವೇ ಮಾಡಿಕೊಂಡಿದ್ದೇವೆ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡ ಕಾಣುವುದು ಪರದೆಯ ಮೇಲೆ ಮಾತ್ರ. ಕಡತದ ಒಳಗಿರುವುದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತ. ಹಳೆಯ ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನೇ ನೋಡಿ. ಕಡತದಲ್ಲಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಎಸ್, ಕ್ಯೂ, ಕೊನೆಗೆ ಮತ್ತೊಮ್ಮೆ ಎ. ಸ್ಕ್ರೀನ್ ರೀಡರ್ ಓದುವುದು ಇದನ್ನೇ. ಯೂನಿಕೋಡ್‌ನಲ್ಲಿ ಅದೇ ಪದ ಕ, ನ, ಹಲಂತ, ನ, ಡ ಎಂಬ ಐದು ನಿಜವಾದ ಕನ್ನಡ ಸಂಕೇತಗಳಾಗಿರುತ್ತದೆ. ಯಾವ ವ್ಯವಸ್ಥೆಯಲ್ಲಾದರೂ ಕನ್ನಡವಾಗಿಯೇ ಕೇಳುತ್ತದೆ. ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಸುತ್ತೋಲೆ, ಚಿತ್ರವಾಗಿ ಸ್ಕ್ಯಾನ್ ಮಾಡಿದ ಪಾಠ ಇವೆರಡೂ ಅಂಧ ಓದುಗರಿಗೆ ಖಾಲಿ ಹಾಳೆಗೆ ಸಮಾನ. ಲಕ್ಷ ರೂಪಾಯಿಯ ಗಣಕ ಕೊಟ್ಟರೂ ಅದು ತುಂಬುವುದಿಲ್ಲ. ಸರ್ಕಾರಿ ಮಾಹಿತಿ ಎಲ್ಲರಿಗೂ ನಿಲುಕುವ ರೂಪದಲ್ಲಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. ಆ ಕಾಯಿದೆಯ ಪಾಲನೆ ಅಕ್ಷರ ಸಂಕೇತದಿಂದಲೇ ಆರಂಭವಾಗಬೇಕು.

ತೀರ್ಪು

ಮೂರು ವ್ಯವಸ್ಥೆಗಳನ್ನು ಹೀಗೆ ನೋಡಿದಾಗ ಒಂದು, ಎರಡು, ಮೂರು ಎಂದು ಸ್ಥಾನ ಕೊಡುವುದು ಅರ್ಥಹೀನ. ಮೊದಲ ನಿಮಿಷದಿಂದ ಸ್ವಾವಲಂಬನೆ ಬೇಕು, ಹಣವಿದೆ ಎನ್ನುವವರಿಗೆ ಮ್ಯಾಕ್. ಕಚೇರಿಯ ಉದ್ಯೋಗಕ್ಕೆ ವಿಂಡೋಸ್ ಮತ್ತು ಎನ್‌ವಿಡಿಎ ಜೋಡಿ. ಹಣ ತೆತ್ತು ಜಾಸ್ ಕೊಳ್ಳುವ ಮುನ್ನ ಇದರಲ್ಲಿ ಕೆಲಸ ಸಾಗುತ್ತದೆಯೇ ಎಂದು ನೋಡುವುದು ಜಾಣತನ. ತಂತ್ರಾಂಶ ಬರೆಯುವವರಿಗೆ, ಅಂತರಜಾಲ ಮತ್ತು ಪತ್ರವ್ಯವಹಾರದಲ್ಲೇ ಕೆಲಸ ಮುಗಿಯುವವರಿಗೆ ಲಿನಕ್ಸ್. ಆದರೆ ಪ್ರತಿಯೊಂದರ ಹಿಂದೆಯೂ ಅವಲಂಬನೆ ಇದೆ: ಮ್ಯಾಕ್‌ನಲ್ಲಿ ಒಂದು ಸಂಸ್ಥೆಯ ಮರ್ಜಿ, ವಿಂಡೋಸ್‌ನಲ್ಲಿ ಹೊರಗಿನವರ ದುಡಿಮೆ, ಲಿನಕ್ಸ್‌ನಲ್ಲಿ ಕೆಲವೇ ಕೈಗಳು. ಮುಂದಿನ ದೊಡ್ಡ ಬದಲಾವಣೆ ಬಂದಾಗ ಇವುಗಳಲ್ಲಿ ಯಾವುದು ಜೊತೆಗಿರುತ್ತದೆ ಎಂಬುದರ ಮೇಲೆ ಬಳಕೆದಾರರ ಅನ್ನ ನಿಂತಿದೆ.

ಹಳೆಯ ಗಣಕಕ್ಕೆ ಲಿನಕ್ಸ್ ಹಾಕಿಕೊಡಲು ಹೊರಟವರು ಒಂದು ಕ್ರಮವನ್ನು ಪಾಲಿಸಬಹುದು. ಮೊದಲು ವಿಂಡೋಸ್‌ನಲ್ಲೇ ಎನ್‌ವಿಡಿಎ ಜೊತೆ ಫೈರ್‌ಫಾಕ್ಸ್ ಮತ್ತು ಲಿಬ್ರೆ ಆಫೀಸ್ ಬಳಸಿ ನೋಡಲು ಅವರಿಗೆ ಒಂದು ತಿಂಗಳು ಕೊಡಿ. ಇವೆರಡೂ ಲಿನಕ್ಸ್‌ನಲ್ಲಿಯೂ ಇರುವಂಥವು. ಆಮೇಲೆ ಪೆನ್ ಡ್ರೈವ್‌ನಿಂದ, ಗಟ್ಟಿ ತಟ್ಟೆಯನ್ನು ಮುಟ್ಟದೆ, ಲಿನಕ್ಸ್ ಚಾಲೂ ಮಾಡಿ ಧ್ವನಿ ಬರುತ್ತದೆಯೇ, ಬ್ರೈಲ್ ಫಲಕವಿದ್ದರೆ ಅದು ಏಳುತ್ತದೆಯೇ ಎಂದು ಪರೀಕ್ಷಿಸಿ. ಅವರ ಒಪ್ಪಿಗೆ ಸಿಕ್ಕ ಮೇಲಷ್ಟೇ ಹಳೆಯದನ್ನು ಅಳಿಸಿ.

ಕಚೇರಿಗೆ ಹೊಸ ತಂತ್ರಾಂಶ ಕೊಳ್ಳುವವರಿಗೆ ಇನ್ನೂ ಸರಳವಾದ ಪರೀಕ್ಷೆ ಇದೆ. ಎನ್‌ವಿಡಿಎಗೆ ಬೆಲೆಯಿಲ್ಲ. ಅದನ್ನು ಹಾಕಿ, ಪರದೆ ಆರಿಸಿ, ಮೌಸ್ ಪಕ್ಕಕ್ಕಿಟ್ಟು, ಮಾರಲು ಬಂದವರಿಗೇ ಒಂದು ರಸೀದಿ ತಯಾರಿಸಲು ಹೇಳಿ. ಅವರಿಗೆ ಆ ಕೀಲಿಗಳ ಅಭ್ಯಾಸ ಇರಲಾರದು. ಆದ್ದರಿಂದ ದಿನವೂ ಸ್ಕ್ರೀನ್ ರೀಡರ್ ಬಳಸುವವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು, ಅವರ ಮಾತನ್ನೇ ಕೊನೆಯ ಮಾತಾಗಿ ಇಟ್ಟುಕೊಳ್ಳಿ. ಗುಂಡಿಗಳ ಹೆಸರು ಕೇಳಿಸದಿದ್ದರೆ, ಹಣ ಕೊಡುವ ಮೊದಲೇ ಸರಿಪಡಿಸಿಕೊಂಡು ಬರುವಂತೆ ಹೇಳಿ ಕಳಿಸಿ.